ಯಾರೂ ಕೇಳದ ತೀರ್ಪು

ಕೆಲಸ ಬೇಗ ಮುಗಿದರೆ ಯಾರಿಗಾದರೂ ಹಿಗ್ಗಾಗುತ್ತದೆ. ಅತ್ತಿಗೆಗೆ ಮಾತ್ರ ಎದೆಯೊಳಗೆ ಅವಲಕ್ಕಿ ಕುಟ್ಟಿದ ಹಾಗಾಯಿತು.

ಪರದೆಯ ಮೇಲೆ ‘ತಪ್ಪಿಲ್ಲ’ ಎಂಬ ಹಸಿರು ಅಕ್ಷರ ಮೂಡಿತ್ತು. ದೊಡ್ಡಾಸ್ಪತ್ರೆಯ ಔಷಧ ಕೈಪಿಡಿ, ಅಚ್ಚಾದರೆ ತಲೆದಿಂಬಿನಷ್ಟು ದಪ್ಪವಾಗುವ ಪುಸ್ತಕ, ಕಣ್ಣು ಮಿಟುಕಿಸುವುದರೊಳಗೆ ಪರೀಕ್ಷೆ ಮುಗಿಸಿ ಹೊರಬಂದಿತ್ತು. ಪಕ್ಕದ ಕುರ್ಚಿಯಲ್ಲಿ ನಾದಿನಿ ಎರಡೂ ಕಾಲು ಮೇಲೆತ್ತಿ ಒಂದು ಸುತ್ತು ತಿರುಗಿದಳು. ಮನೆಯವರೆಲ್ಲ ಅವಳನ್ನು ಚಿನಕುರಳಿ ಎಂದು ಕರೆಯುವುದು ಸುಮ್ಮನೆ ಅಲ್ಲ.

“ನೋಡಿದ್ರಾ ಅತ್ತಿಗೆ? ನಿಮ್ ಲೈಬ್ರರಿ ಕುದುರೆ ಕಣ್ರೀ, ಕುದುರೆ!”

“ಕುದುರೆಯಲ್ಲ ಕಣೇ ಅದು, ಎಮ್ಮೆ. ಸಾಕಿದವಳಿಗೆ ಗೊತ್ತಿರಲ್ವಾ? ಎಮ್ಮೆ ಹಿಂಗೆ ಓಡ್ತಿದೆ ಅಂದ್ರೆ ಏನೋ ಆಗಿದೆ.”

“ಶುರುವಾಯ್ತು ನಿಮ್ಮದು. ಸರಿ ಹೋದ್ರೂ ಕಷ್ಟ, ಹೋಗದಿದ್ರೂ ಕಷ್ಟ.”

ಕನ್ನಡಕದ ಅಂಗಡಿಯ ಮೇಲಿನ ಎರಡು ಕೋಣೆಗಳೇ ಇವರಿಬ್ಬರ ಕಚೇರಿ. ಕೆಳಗಿನ ಅಂಗಡಿ ಅತ್ತೆಯದು. ಅಲ್ಲಿ ಗಾಜು ಉಜ್ಜುವ ಯಂತ್ರ ಶುರುವಾಯಿತೆಂದರೆ ಇಲ್ಲಿ ಮೇಜಿನ ಮೇಲಿನ ಪೆನ್ನುಗಳು ತಾವಾಗಿಯೇ ಅಂಚಿನತ್ತ ಉರುಳುತ್ತಿದ್ದವು. ಅತ್ತಿಗೆ ಕೆಲವು ವರ್ಷಗಳಿಂದ ಒಂದೇ ಲೈಬ್ರರಿಯನ್ನು ಕಟ್ಟಿ, ಕೆಡವಿ, ಮತ್ತೆ ಕಟ್ಟುತ್ತ ಬಂದಿದ್ದಳು. ಲೈಬ್ರರಿ ಎಂದರೆ ಇಲ್ಲಿ ಬೇರೆ ಪ್ರೋಗ್ರಾಂಗಳು ಕರೆದು ದುಡಿಸಿಕೊಳ್ಳುವ ಸಿದ್ಧ ಕೋಡು, ಹಾಗೆ ಕರೆಯುವ ಪ್ರೋಗ್ರಾಂ ಬರೆಯುವುದು ನಾದಿನಿಯ ಪಾಲಿನ ಕೆಲಸ. ಪುಸ್ತಕದ ಪ್ರತಿ ಭಾಗಕ್ಕೂ ಟ್ಯಾಗ್ ಎಂಬ ಗುರುತು ಹಚ್ಚಿರುತ್ತಾರೆ: ಇದು ಔಷಧದ ಹೆಸರು, ಇದು ಪ್ರಮಾಣ, ಇದು ಮಕ್ಕಳಿಗೆ, ಇದು ಎಚ್ಚರಿಕೆ. ಯಾವುದರ ಒಳಗೆ ಯಾವುದು ಇರಲೇಬೇಕು ಎಂದು ಹೇಳುವ ನಿಯಮಾವಳಿಯೊಂದು ಬೇರೆ ಇರುತ್ತದೆ. ಅತ್ತಿಗೆಯ ಲೈಬ್ರರಿ ಗುರುತು ಹಚ್ಚಿದ ಪುಸ್ತಕವನ್ನು ಓದಿ, ಅದನ್ನೊಂದು ಮರದ ಹಾಗೆ ಕೊಂಬೆ ಕೊಂಬೆಯಾಗಿ ಜೋಡಿಸಿ, ನಿಯಮಕ್ಕೆ ಹೊಂದುತ್ತದೋ ಇಲ್ಲವೋ ಎಂದು ತೀರ್ಪು ಕೊಡಬೇಕು. ಮಕ್ಕಳ ಪ್ರಮಾಣ ಬರೆದ ಕಡೆ ಮಗುವಿನ ತೂಕ ಬರೆಯದಿದ್ದರೆ ಅದು ತಪ್ಪು. ‘ಆ ಇನ್ನೊಂದು ಔಷಧವನ್ನು ನೋಡಿ’ ಎಂದು ಬರೆದ ಮೇಲೆ ಆ ಇನ್ನೊಂದು ಔಷಧ ಪುಸ್ತಕದಲ್ಲಿ ಇಲ್ಲದಿದ್ದರೆ ಅದೂ ತಪ್ಪು.

ಅತ್ತಿಗೆಯ ಸಂಕಟಕ್ಕೆ ಕಾರಣವಾದದ್ದು ಈ ಕೊನೆಯ ನಿಯಮವೇ. ಒಂದೊಂದು ‘ನೋಡಿ’ಗೂ ಪುಸ್ತಕವನ್ನೆಲ್ಲ ತಡಕಾಡಬೇಕು, ಅದಕ್ಕೆ ಹೊತ್ತು ಹಿಡಿಯಲೇಬೇಕು. ಇದುವರೆಗೆ ಅಧ್ಯಾಯ ಅಧ್ಯಾಯವಾಗಿ ಓಡಿಸುತ್ತಿದ್ದರು. ಚಿಕ್ಕದು ಚಿಟಿಕೆ ಹೊಡೆಯುವುದರಲ್ಲಿ ಮುಗಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಇಡೀ ಪುಸ್ತಕ ಒಟ್ಟಿಗೆ ಓಡಿದ್ದು ಇವತ್ತೇ ಮೊದಲು. ಇವತ್ತೇ ಮಧ್ಯಾಹ್ನ ಆಸ್ಪತ್ರೆಯ ಔಷಧ ವಿಭಾಗದ ಮುಖ್ಯಸ್ಥೆ ಬಂದು ಕಣ್ಣಾರೆ ನೋಡಿ, ಒಪ್ಪಿದರೆ ಸಂಜೆ ಅಚ್ಚಿಗೆ ಹೋಗುತ್ತದೆ. ಇದೊಂದೇ ಅಲ್ಲ, ಇನ್ನು ಮುಂದೆ ಆಸ್ಪತ್ರೆಯ ಪುಸ್ತಕಗಳೆಲ್ಲ ಈ ಲೈಬ್ರರಿಯ ಮೂಲಕವೇ. ಒಪ್ಪದಿದ್ದರೆ ದೊಡ್ಡ ಕಂಪನಿಯೊಂದು ಬಾಗಿಲಲ್ಲೇ ಕಾದು ನಿಂತಿತ್ತು.

ಅತ್ತಿಗೆ ಜ್ವರದ ಔಷಧದ ಪುಟವೊಂದನ್ನು ತೆಗೆದು, ಮಗುವಿನ ತೂಕದ ಸಾಲನ್ನು ಬೇಕೆಂದೇ ಅಳಿಸಿದಳು. ಅಡುಗೆಗೆ ಉಪ್ಪು ಹಾಕಿದ್ದು ಮರೆತವಳು ಬೆರಳದ್ದಿ ರುಚಿ ನೋಡುವಂತೆ, ಅನುಮಾನ ಬಂದಾಗಲೆಲ್ಲ ಅವಳು ಹೀಗೇ ಮಾಡುವುದು: ಕೈಯಾರೆ ಒಂದು ತಪ್ಪು ಮಾಡಿ, ಯಂತ್ರ ಬೈಯುತ್ತದೋ ನೋಡುವುದು.

‘ತಪ್ಪಿಲ್ಲ.’

ಇಲ್ಲದ ಔಷಧವೊಂದರ ಹೆಸರು ಹಾಕಿ ‘ನೋಡಿ’ ಎಂದು ಬರೆದಳು.

‘ತಪ್ಪಿಲ್ಲ.’

ನಾದಿನಿಯ ಕುರ್ಚಿ ತಿರುಗುವುದನ್ನು ನಿಲ್ಲಿಸಿತು. “ಅಯ್ಯೋ,” ಎಂದಳು ಮೆಲ್ಲಗೆ. “ಎಮ್ಮೆಗೆ ಏನಾಯ್ತು?”

“ನಿನ್ ಪ್ರೋಗ್ರಾಂ ತೆಗಿ. ನನ್ ಲೈಬ್ರರೀನ ಎಲ್ಲಿ ಕರೆದಿದ್ದೀಯ, ಅದನ್ನ ತೋರಿಸು.”

ತೋರಿಸಿದಳು. ಅತ್ತಿಗೆ ಓದಿದಳು, ಹುಡುಕುವುದೇ ಬೇಕಾಗಲಿಲ್ಲ. ಲೈಬ್ರರಿ ಎರಡು ವಸ್ತುಗಳನ್ನು ಕೈಗಿಡುತ್ತದೆ, ಒಂದು ಮರ, ಇನ್ನೊಂದು ತೀರ್ಪು. ನಾದಿನಿ ಮರವನ್ನು ತೆಗೆದುಕೊಂಡು ತೀರ್ಪಿನ ಜಾಗದಲ್ಲಿ ಒಂದು ಪುಟ್ಟ ಅಡ್ಡಗೆರೆ ಎಳೆದಿದ್ದಳು. ಆ ಭಾಷೆಯಲ್ಲಿ ಅಡ್ಡಗೆರೆ ಎಂದರೆ ‘ಇದು ನನಗೆ ಬೇಡ’ ಎಂದು. ಮರ ಕೈಗೆ ಬಂದ ಕೂಡಲೆ ಅವಳ ಪ್ರೋಗ್ರಾಂ ‘ತಪ್ಪಿಲ್ಲ’ ಎಂದು ಸಾರಿ, ಅದನ್ನು ಅಚ್ಚಿನ ಪುಟ ಕಟ್ಟಲು ಕೊಡುತ್ತಿತ್ತು.

“ತಪ್ಪಿದ್ರೆ ಮರ ಎಲ್ಲಿಂದ ಬರುತ್ತೆ ಅಂದ್ಕೊಂಡೆ ಅತ್ತಿಗೆ. ಬಂತು ಅಂದ್ರೆ ಸರಿ ಇದೆ ಅಂತಾನೇ ಅಲ್ವಾ?”

ಬೇರೆ ಯಾವ ಭಾಷೆಯಲ್ಲಾದರೂ ಬಹುಶಃ ಸರಿಯೇ. ಆದರೆ ಇದು ಫಂಕ್ಷನಲ್ ಭಾಷೆ, ಅದರಲ್ಲೂ ಸೋಮಾರಿ ಜಾತಿಯದು. ಪ್ರೋಗ್ರಾಂ ಬರೆಯುವುದೆಂದರೆ ಇಲ್ಲಿ ಸೂತ್ರ ಬರೆದಿಟ್ಟ ಹಾಗೆ. ಉತ್ತರ ಬೇಕೆಂದು ಯಾರಾದರೂ ಕೈಚಾಚುವ ತನಕ ಲೆಕ್ಕವೇ ನಡೆಯುವುದಿಲ್ಲ. ತೀರ್ಪನ್ನು ಯಾರೂ ಕೇಳಲಿಲ್ಲ, ಆದ್ದರಿಂದ ಪರೀಕ್ಷೆಯೂ ನಡೆಯಲಿಲ್ಲ. ಅತ್ತಿಗೆ ಈ ಸೋಮಾರಿತನವನ್ನು ಮೆಚ್ಚಿ, ಅದರ ಮೇಲೆಯೇ ಲೈಬ್ರರಿ ಕಟ್ಟಿದ್ದಳು. ಎಷ್ಟೇ ದಪ್ಪದ ಪುಸ್ತಕವಾಗಲಿ, ತೀರ್ಪಿಗೆ ಕಾಯದೆ ಕೊಂಬೆಗಳು ಒಂದೊಂದಾಗಿ ಹರಿದು ಬರುತ್ತಿದ್ದವು. ಯಂತ್ರದ ನೆನಪಿನ ಮೇಲೆ ಭಾರವೇ ಬೀಳುತ್ತಿರಲಿಲ್ಲ. ಲೈಬ್ರರಿಯ ಪರಿಚಯದ ಮೊದಲ ಸಾಲಿನಲ್ಲೇ ಅವಳು ಅದನ್ನು ಹೆಮ್ಮೆಯಿಂದ ಬರೆದುಕೊಂಡಿದ್ದಳು. ‘ತೀರ್ಪು ಕೇಳದೆ ಮರವನ್ನು ನಂಬಬೇಡಿ’ ಎಂಬ ಮಾತೂ ಇತ್ತು, ಕೆಳಗೆಲ್ಲೋ, ಯಾರೂ ಇಳಿದು ಹೋಗದ ಜಾಗದಲ್ಲಿ. ಅವಳು ತಾನು ಪರೀಕ್ಷೆ ಮಾಡುವಾಗಲೆಲ್ಲ ತಪ್ಪದೆ ತೀರ್ಪು ಕೇಳುತ್ತಿದ್ದಳು. ಕೇಳದೆ ಇರುವವರೂ ಇರುತ್ತಾರೆ ಎಂದು ಅವಳಿಗೆ ಹೊಳೆದಿರಲೇ ಇಲ್ಲ.

ನಾದಿನಿಯ ಕಣ್ಣು ತುಂಬಿತ್ತು. “ಬೈದ್ಬಿಡಿ ಒಂದ್ಸಲ.”

“ಬಾವಿ ತೋಡಿದವಳು ಕಟ್ಟೆ ಕಟ್ಟಲಿಲ್ಲ, ಬಿದ್ದವಳನ್ನ ಬೈದು ಏನು ಬಂತು? ಅಡ್ಡಗೆರೆ ತೆಗಿ. ತೀರ್ಪು ಕೇಳು.”

ಕೇಳಿದಳು. ಈ ಸಲ ಯಂತ್ರದ ಫ್ಯಾನ್ ಗುಂಯ್‌ಗುಟ್ಟತೊಡಗಿತು. ಬಹಳ ಹೊತ್ತಾದ ಮೇಲೆ ಕೆಂಪು ಅಕ್ಷರಗಳು ಒಂದರ ಹಿಂದೊಂದು ಇಳಿದವು. ಅತ್ತಿಗೆ ಬೇಕೆಂದೇ ಮಾಡಿದ ಎರಡು ತಪ್ಪುಗಳು ಮೊದಲು. ಆಮೇಲೆ ಯಾರೂ ಬೇಕೆಂದು ಮಾಡದವು: ಮಕ್ಕಳ ಕೆಮ್ಮಿನ ಔಷಧವೊಂದಕ್ಕೆ ತೂಕವಿಲ್ಲ, ಹೃದಯದ ಮಾತ್ರೆಯೊಂದಕ್ಕೆ ಗರಿಷ್ಠ ಪ್ರಮಾಣ ಎರಡು ಬಗೆ, ಪುಸ್ತಕದಲ್ಲೇ ಇಲ್ಲದ ಔಷಧವನ್ನು ‘ನೋಡಿ’ ಎನ್ನುವ ಪುಟಗಳು.

“ಇವನ್ನ ಸುಮ್ನೆ ಆಸ್ಪತ್ರೆಯವರಿಗೆ ಕೊಟ್ಬಿಡೋಣ,” ಎಂದಳು ನಾದಿನಿ, ಒಂದೇ ಉಸಿರಿನಲ್ಲಿ. “ಕೊನೇ ಪರೀಕ್ಷೇಲಿ ಸಿಕ್ತು ಅಂತ. ಸುಳ್ಳೇನಲ್ವಲ್ಲ ಅತ್ತಿಗೆ?”

“ಅವರ ಕಡೆಯವರು ನಮ್ಮ ಹಸಿರು ಅಕ್ಷರ ನೋಡ್ಕೊಂಡು ಒಂದೊಂದೇ ಅಧ್ಯಾಯಕ್ಕೆ ಸರಿ ಅಂತ ಸಹಿ ಹಾಕಿದ್ದಾರೆ. ಆ ಸಹಿಗಳನ್ನ ನಂಬಬಾರದು ಅಂತ ಅವರಿಗೆ ಗೊತ್ತಾಗೋದು ಬೇಡ್ವಾ?”

ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತರು.

“ಏನ್ರೇ, ಮೇಲೆ ಸದ್ದೇ ಇಲ್ಲ? ಜಗಳ ಗಿಗಳ ಏನಾದ್ರೂನಾ? ನಿಮ್ ಮೇಡಮ್ಮು ಬಂದಾಯ್ತು, ಕೆಳಗೆ ಫ್ರೇಮ್ ನೋಡ್ತಾ ಇದ್ದಾರೆ.” ಇಬ್ಬರ ಮುಖವನ್ನೂ ಒಮ್ಮೆ ಅಳೆದು ದನಿ ತಗ್ಗಿಸಿದರು. “ಹೊತ್ತು ಬೇಕೇನ್ರೇ? ಬೇಕಾದ್ರೆ ಹೇಳಿ. ಅಂಗಡೀಲಿರೋ ಫ್ರೇಮೆಲ್ಲ ಆಕೆ ಮೂಗಿನ ಮೇಲೆ ಇಟ್ಟು ತೆಗೀತೀನಿ, ಸಂಜೆ ಆಗುತ್ತೆ.”

“ಅಮ್ಮಾ, ನೀನು ದೇವತೆ!” ಎಂದಳು ನಾದಿನಿ.

ಅತ್ತಿಗೆ ಆ ಕೆಂಪು ಅಕ್ಷರಗಳನ್ನು ನೋಡಿದಳು. ವಿಚಿತ್ರವೆಂದರೆ, ಬೆಳಗಿನಿಂದ ಕುಟ್ಟುತ್ತಿದ್ದ ಅವಲಕ್ಕಿ ಈಗ ನಿಂತಿತ್ತು. ಏನಾಗಿದೆ ಎಂದು ಗೊತ್ತಾದ ಮೇಲೆ ಹೆದರುವುದಕ್ಕೆ ಅವಳಿಗೆ ಪುರುಸೊತ್ತು ಇರುವುದಿಲ್ಲ.

“ಬೇಡ ಅತ್ತೆ. ಮೇಲೆ ಕಳಿಸಿ.”

ಮುಖ್ಯಸ್ಥೆ ಎತ್ತರದ, ಮಾತು ಕಡಿಮೆಯ ಹೆಂಗಸು. ಓದುವಾಗ ಕನ್ನಡಕ ಹಾಕಿಕೊಳ್ಳುವ ಬದಲು ತೆಗೆಯುತ್ತಿದ್ದರು. ಕುರ್ಚಿಯ ಅಂಚಿನಲ್ಲಿ ಕೂತು, ಅತ್ತಿಗೆ ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು.

“ಅಂದ್ರೆ ಇಷ್ಟು ದಿನ ನಿಮ್ಮ ಯಂತ್ರ ನೋಡದೇನೇ ಸರಿ ಅಂತಿತ್ತು.”

“ಹೌದು ಮೇಡಂ. ಕೇಳದಿದ್ರೆ ಅದು ನೋಡೋದಿಲ್ಲ. ಹಾಗೆ ಕಟ್ಟಿದವಳು ನಾನು.”

“ಕೇಳದೇ ಇದ್ದಿದ್ದು ನಾನು,” ಎಂದಳು ನಾದಿನಿ, ಮೂಲೆಯಿಂದ.

“ಆ ದೊಡ್ಡ ಕಂಪನಿಯವರ ಯಂತ್ರ ಹೀಗೆಲ್ಲ ತಕರಾರೇ ಮಾಡಲ್ವಂತೆ. ತಪ್ಪಿದ್ರೂ ತಾನೇ ಸರಿ ಮಾಡ್ಕೊಂಡು ಮುಂದೆ ಹೋಗುತ್ತಂತೆ,” ಎಂದರು ಮುಖ್ಯಸ್ಥೆ.

“ಮಗುವಿನ ತೂಕ ಬಿಟ್ಟುಹೋಗಿದ್ರೆ ಅದು ಯಾವ ಮಗೂನ ತೂಗಿ ಬರೆಯುತ್ತೆ ಮೇಡಂ?”

ಮುಖ್ಯಸ್ಥೆಯ ತುಟಿಯ ಒಂದು ತುದಿ ಸ್ವಲ್ಪ ಅಲುಗಿತು. ನಗುವೋ ಅಲ್ಲವೋ ಅತ್ತಿಗೆಗೆ ತಿಳಿಯಲಿಲ್ಲ. “ಅದಿರ್ಲಿ. ಇವತ್ತು ನಿಮ್ಮ ಕಣ್ಣಿಗೆ ಬಿತ್ತು. ನಾಳೆ ನೀವು ಇಲ್ಲದಾಗ ಇನ್ಯಾರೋ ಕೇಳೋದು ಮರೀತಾರೆ. ಆಗ?”

“ಮರೆಯೋಕೆ ಆಗದ ಹಾಗೆ ಮಾಡ್ತೀನಿ. ಕೂತ್ಕೊಂಡಿರಿ, ನಿಮ್ಮ ಎದುರಿಗೇ.”

ಅವಳು ತಿದ್ದಿದ್ದು ಹೆಚ್ಚೇನಲ್ಲ. ಮರಗಳನ್ನು ಎರಡು ಜಾತಿ ಮಾಡಿದಳು, ಮೊಹರು ಬಿದ್ದದ್ದು, ಬೀಳದ್ದು. ಮೊಹರು ಒತ್ತುವ ಅಧಿಕಾರವನ್ನು ಲೈಬ್ರರಿಯ ಒಳಮನೆಯಲ್ಲಿಟ್ಟು ಬಾಗಿಲು ಹಾಕಿದಳು. ಪರೀಕ್ಷೆ ಪೂರ್ತಿ ಮುಗಿದು ತೀರ್ಪು ‘ಸರಿ’ ಎಂದರೆ ಮಾತ್ರ ಅದು ಬೀಳುತ್ತದೆ. ಅಚ್ಚಿಗೆ ಪುಟ ಕಟ್ಟುವ ಫಂಕ್ಷನ್ನಿಗೆ, ಮೊಹರು ಬೀಳದ ಮರವನ್ನು ಮುಟ್ಟಲೂ ಕೂಡದು ಎಂದು ಕಟ್ಟಪ್ಪಣೆ ಬರೆದಳು. ಆಮೇಲೆ ಪರಿಚಯದ ಮೊದಲ ಸಾಲಿಗೆ ಹೋದಳು. ಭಾರವಿಲ್ಲದ ಓಟ, ಕಾಯದೆ ಹರಿಯುವ ಕೊಂಬೆಗಳು ಎಂಬ ಆ ಹೆಮ್ಮೆಯ ಸಾಲು ಇನ್ನು ನಿಜವಲ್ಲ. ಬೆರಳು ಒಂದು ಕ್ಷಣ ತಡೆಯಿತು. ಅಳಿಸಿದಳು.

“ಈಗ ನಿನ್ ಹಳೇ ಪ್ರೋಗ್ರಾಂ ಓಡಿಸೇ. ಅಡ್ಡಗೆರೆ ಸಮೇತ.”

ಓಡಲಿಲ್ಲ. ಓಡುವುದಿರಲಿ, ಹುಟ್ಟಲೇ ಇಲ್ಲ. ಪ್ರೋಗ್ರಾಮನ್ನು ಓಡಿಸುವ ಮುಂಚೆ ಓದಿ ನೋಡುವ ಕಂಪೈಲರ್ ಅದನ್ನು ಹೊಸಿಲಲ್ಲೇ ತಡೆದು, ಬೇಕಾದದ್ದು ಮೊಹರಿನ ಮರ, ನೀನು ಕೊಡುತ್ತಿರುವುದು ಬರಿಯ ಮರ ಎಂದು ಸಾಲುಗಟ್ಟಲೆ ದೂರು ಹೇಳಿತು.

“ನೋಡಿ ಮೇಡಂ, ಅತ್ತಿಗೆ ಬಾಯಲ್ಲಿ ಬೈಯಲ್ಲ. ಯಂತ್ರದ ಕೈಲಿ ಬೈಸ್ತಾರೆ.”

ಈ ಸಲದ್ದು ನಗುವೇ, ಅನುಮಾನವಿರಲಿಲ್ಲ. ಮುಖ್ಯಸ್ಥೆ ಕನ್ನಡಕ ತೆಗೆದು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ಕೆಂಪು ಸಾಲುಗಳನ್ನು ಮೇಲಿನಿಂದ ಹಿಡಿದರು. ಅವರು ಆಸ್ಪತ್ರೆಗೆ ಫೋನು ಹಚ್ಚಿ ಕೇಳಿ ಹೇಳುವುದು, ನಾದಿನಿ ಬರೆಯುವುದು, ಅತ್ತಿಗೆ ಮತ್ತೆ ತೀರ್ಪು ಕೇಳುವುದು. ಕೆಮ್ಮಿನ ಔಷಧಕ್ಕೆ ತೂಕ ಸಿಕ್ಕಿತು. ಹೃದಯದ ಮಾತ್ರೆಯ ಎರಡು ಪ್ರಮಾಣಗಳಲ್ಲಿ ಒಂದು ಹಳೆಯದು ಎಂದು ತಿಳಿದಾಗ ಮುಖ್ಯಸ್ಥೆ ಆ ಸಾಲನ್ನು ತಾವೇ ಬೆರಳಿಟ್ಟು ತೆಗೆಸಿದರು.

ಕೊನೆಗೆ ಉಳಿದದ್ದು ಒಂದು ಚುಚ್ಚುಮದ್ದು. ಚುಚ್ಚುಮದ್ದು ಎಂದ ಮೇಲೆ ಮಕ್ಕಳ ಪ್ರಮಾಣ ಇರಲೇಬೇಕು, ಇಲ್ಲಿ ಬರೆದಿಲ್ಲ ಎಂದು ತೀರ್ಪು ಹಟ ಹಿಡಿದಿತ್ತು.

“ಇದನ್ನ ಮಕ್ಕಳಿಗೆ ಕೊಡೋದೇ ಇಲ್ಲ,” ಎಂದರು ಮುಖ್ಯಸ್ಥೆ.

“ಹಾಗಾದ್ರೆ ಸೊನ್ನೆ ಅಂತ ಹಾಕಿಬಿಡ್ಲಾ?” ನಾದಿನಿಯ ಬೆರಳು ಆಗಲೇ ಕೀಲಿಯ ಮೇಲಿತ್ತು. “ಯಂತ್ರಕ್ಕೂ ಸಮಾಧಾನ, ನಮಗೂ ಸಂಜೆಯೊಳಗೆ ಮುಕ್ತಿ.”

“ತೆಗಿ ಕೈ,” ಎಂದಳು ಅತ್ತಿಗೆ. “ಸೊನ್ನೆ ಅನ್ನೋದೂ ಒಂದು ಅಂಕೀನೇ. ಯಾರೋ ಅವಸರದಲ್ಲಿ ನೋಡಿ, ಅಚ್ಚಿನವರು ಪಕ್ಕದ ಅಂಕಿ ನುಂಗಿದ್ದಾರೆ, ಇದು ಹತ್ತೇ ಇರಬೇಕು ಅಂದ್ಕೊಂಡ್ರೆ? ಇಲ್ಲಿ ತಪ್ಪು ಪುಟದ್ದಲ್ಲ ಮೇಡಂ, ನಿಯಮದ್ದು. ಪ್ರಮಾಣ ಇರಬೇಕು, ಇಲ್ಲ ‘ಮಕ್ಕಳಿಗೆ ಕೊಡಕೂಡದು’ ಅನ್ನೋ ಎಚ್ಚರಿಕೆ ಇರಬೇಕು. ಎರಡರಲ್ಲಿ ಒಂದು ಇರಲೇಬೇಕು, ಎರಡೂ ಇರಕೂಡದು. ಹಾಗೆ ತಿದ್ದಲಾ?”

“ತಿದ್ದಬಹುದಾ ಅದನ್ನ?”

“ನೀವು ಹೂಂ ಅಂದ್ರೆ. ನಿಯಮ ನಿಮ್ಮದು. ಅದನ್ನ ಮೀರಿ ಯಾರೂ ಹೋಗದ ಹಾಗೆ ನೋಡ್ಕೊಳ್ಳೋದಷ್ಟೇ ನನ್ನದು.”

“ಹೂಂ,” ಎಂದರು ಮುಖ್ಯಸ್ಥೆ.

ಅತ್ತಿಗೆ ನಿಯಮಾವಳಿಯ ಆ ಸಾಲನ್ನು ತಿದ್ದಿದಳು. ನಾದಿನಿ ಚುಚ್ಚುಮದ್ದಿನ ಪುಟಕ್ಕೆ ಎಚ್ಚರಿಕೆ ಬರೆದಳು. ಇಡೀ ಪುಸ್ತಕ ಮತ್ತೊಮ್ಮೆ ಓಡತೊಡಗಿತು. ಓಟವೆಲ್ಲಿ, ನಡಿಗೆ. ಫ್ಯಾನ್ ಗುಂಯ್‌ಗುಟ್ಟಿತು.

ಮುಖ್ಯಸ್ಥೆ ಪರದೆಯಿಂದ ಕಣ್ಣು ತೆಗೆಯದೆಯೇ ಅಚ್ಚಿನ ಮನೆಗೆ ಫೋನು ಮಾಡಿದರು.

“ಹಲೋ, ಹಾಂ, ಕೈಪಿಡಿ ವಿಷಯ. ಇವತ್ತು ಯಂತ್ರ ಹೂಡಬೇಡಿ… ಗೊತ್ತು ಸ್ವಾಮಿ, ಕಾಗದ ತರಿಸಿಟ್ಟಿದ್ದೀರಿ, ಕಾಗದ ಓಡಿಹೋಗಲ್ಲ. ನಮ್ಮವರು ಪ್ರತಿ ಅಧ್ಯಾಯಕ್ಕೂ ಹೊಸದಾಗಿ ಸಹಿ ಹಾಕಬೇಕು. ಇನ್ನೊಂದು ಮಾತು. ಇನ್ನು ಮೇಲೆ ನಮ್ಮ ಯಾವ ಪುಸ್ತಕವಾದ್ರೂ ಸರಿ, ಇವರ ಮೊಹರು ಇಲ್ಲದೆ ಬಂದ್ರೆ, ಕಳಿಸಿದ್ದು ನಾನೇ ಆದ್ರೂ ವಾಪಸ್ ಮಾಡಿ.”

ಫೋನು ಕೆಳಗಿಟ್ಟು ಅತ್ತಿಗೆಯ ಕಡೆ ತಿರುಗಿದರು. “ಇನ್ನೂ ಎಷ್ಟು ಹೊತ್ತಮ್ಮ?”

“ಆಗುತ್ತೆ ಮೇಡಂ. ಪೂರ್ತಿ ನೋಡದೆ ಹೇಳಲ್ಲ ಅದು,” ಎಂದಳು ಅತ್ತಿಗೆ, ಮತ್ತು ಮೂವರೂ ಕಾದರು.