ಹಾಲಿನ ಸಾಲಿನ ಓದುಗರು

ಡಿಗ್ರಿಯಕ್ಕ ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಊರಿನ ಹಾಲಿನ ಕೇಂದ್ರದಲ್ಲಿ ಕೂತು, ಬಂದ ಹಾಲಿಗೆಲ್ಲ ಗಾಜಿನ ಲ್ಯಾಕ್ಟೋಮೀಟರ್ ಇಳಿಬಿಟ್ಟು, ಅದು ಎಷ್ಟು ಡಿಗ್ರಿಗೆ ನಿಂತಿತೆಂದು ಕೂಗಿ ಹೇಳುವುದು ಅವಳ ಕೆಲಸ. ಕೂಗಿ ಕೂಗಿ ಅದೇ ಅವಳ ಹೆಸರಾಗಿತ್ತು. ಬೆಳಗಿನ ಹಾಲು ಹೋಗಿ ಸಂಜೆಯ ಹಾಲು ಬರುವವರೆಗೆ ಕೇಂದ್ರದಲ್ಲಿ ನೊಣ ಹೊಡೆಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಆ ಹೊತ್ತಿನಲ್ಲಿ, ತೊಳೆದು ಬೋರಲು ಹಾಕಿದ ಕ್ಯಾನುಗಳ ನಡುವೆ ಕೂತು, ಅವಳು ಒಂದು ಕಾದಂಬರಿ ಬರೆದಳು.

ಬೇರೆ ಯಾವುದೋ ನಕ್ಷತ್ರದಿಂದ ಬಂದವರ ಕತೆ ಅದು. ಅವರು ಊರ ಕೆರೆಯ ಜೊಂಡಿನಲ್ಲಿ ಇಳಿದು, ಒಬ್ಬೊಬ್ಬರಾಗಿ ಮನೆಗಳ ಹೊಸ್ತಿಲಿಗೆ ಬಂದು ನಿಲ್ಲುತ್ತಾರೆ. ನೋಡಲು ಮನುಷ್ಯರ ಹಾಗೇ ಇದ್ದಾರೆ. ಆದರೆ ಅವರು ಹೊಕ್ಕ ಮನೆಯಲ್ಲಿ ನಾಯಿ ಮಂಚದ ಕೆಳಗೆ ತೂರಿಕೊಂಡು ಹೊರಗೆ ಬರುವುದಿಲ್ಲ, ಹೆಪ್ಪು ಹಾಕಿದ ಹಾಲು ಮೊಸರಾಗುವುದಿಲ್ಲ, ಆಮೇಲೆ ಮನೆಯವರು ಒಬ್ಬೊಬ್ಬರಾಗಿ ಮಾತು ಮರೆಯುತ್ತಾರೆ. ಕೊನೆಗೆ ಊರವರು ಅಂಥವರಲ್ಲಿ ಒಬ್ಬಳನ್ನು ಹುಲ್ಲಿನ ಕೊಟ್ಟಿಗೆಯಲ್ಲಿ ಕೂಡಿಹಾಕಿ ಬೆಂಕಿ ಕೊಡುತ್ತಾರೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ಪಟ್ಟಣದ ಸಣ್ಣ ಪ್ರಕಾಶಕರೊಬ್ಬರು ಅಚ್ಚು ಹಾಕಿದರು. ಅವರು ಕೊಟ್ಟ ಪ್ರತಿಗಳಲ್ಲಿ ಒಂದನ್ನು ಡಿಗ್ರಿಯಕ್ಕ ಕೇಂದ್ರದಲ್ಲೇ, ತಕ್ಕಡಿಯ ಪಕ್ಕದ ಮೊಳೆಗೆ ಪ್ಲಾಸ್ಟಿಕ್ ಚೀಲದಲ್ಲಿ ತೂಗುಹಾಕಿದಳು. ಹಾಲು ಹಾಕಲು ಬಂದವರು, ಹಾಲು ಕೊಳ್ಳಲು ಬಂದವರು, ಯಾರು ಬೇಕಾದರೂ ಒಯ್ಯಬಹುದು. ಓದಿ ಮುಗಿಸಿದವರು ಸಾಲಿನಲ್ಲಿ ತಮ್ಮ ಹಿಂದೆ ನಿಂತವರ ಕೈಗೆ ಪುಸ್ತಕ ಕೊಡಬೇಕು, ತಮ್ಮ ಹಾಲಿನ ಅಳತೆ ಮುಗಿಯುವುದರೊಳಗೆ ಹೇಗಿತ್ತೆಂದು ಹೇಳಬೇಕು. ಯಾರೂ ಕೂತು ಮಾಡಿದ ನಿಯಮವಲ್ಲ, ತಾನಾಗಿ ಬಿದ್ದ ರೂಢಿ.

ಹೀಗಾಗಿ ಆ ಚಳಿಗಾಲವಿಡೀ ಕೇಂದ್ರದ ಸಾಲಿನಲ್ಲಿ ಹಾಲಿಗಿಂತ ಅಭಿಪ್ರಾಯವೇ ಹೆಚ್ಚು ಬಂತು. ಮೂರನೇ ಅಧ್ಯಾಯ ಓದಿದ ಮಾರನೇ ದಿನ ಅಂಗಿಯ ಎಡತೋಳನ್ನು ಬಲಕ್ಕೆ ಹೊಲಿದೆ ಎಂದು ದರ್ಜಿ ದೂರಿದ. ಹಿಟ್ಟಿನ ಗಿರಣಿಯವಳಿಗೆ ಬಚ್ಚಲಿಗೆ ಹೋಗಲೂ ಗಂಡನ ಕಾವಲು ಬೇಕಾಯಿತಂತೆ. ಇನ್ನೊಬ್ಬ, ಅಷ್ಟು ದೂರದಿಂದ ಬಂದವರು ಯಾವುದಾದರೂ ದೊಡ್ಡ ನಗರ ನೋಡಿಕೊಳ್ಳುವುದು ಬಿಟ್ಟು ಇಂಥ ಊರಿಗೆ ಬಂದು ಹಾಳಾದರಲ್ಲ ಎಂದು ಮರುಗಿದ. ಹಾಲಿನ ಗಾಡಿ ಓಡಿಸುವ ಡಿಗ್ರಿಯಕ್ಕನ ಗಂಡ, ಏಳನೇ ಅಧ್ಯಾಯದಲ್ಲಿ ಹಾಲಿನ ಗಾಡಿಯೊಂದನ್ನು ಕೆರೆ ನುಂಗಿದ್ದನ್ನು ಓದಿ ಪುಸ್ತಕ ಮಡಿಸಿಟ್ಟವನು ಮತ್ತೆ ತೆರೆಯಲಿಲ್ಲ. ಅವಳ ಅಮ್ಮ ಮಾತ್ರ ಪೂರ್ತಿ ಓದಿಸಿಕೊಂಡು, "ಇಷ್ಟು ಕೆಟ್ಟದ್ದನ್ನ ತಲೇಲಿ ಇಟ್ಕೊಂಡು ನಿನಗೆ ನಿದ್ದೆ ಹೇಗೆ ಬರುತ್ತೆ ಮಗಳೇ?" ಎಂದು ಕೇಳಿದ್ದರು.

ಡಿಗ್ರಿಯಕ್ಕನಿಗೆ ಚೆನ್ನಾಗಿಯೇ ನಿದ್ದೆ ಬರುತ್ತಿತ್ತು. ಇಷ್ಟು ವರ್ಷ ಅವಳ ಬಾಯಿಂದ ಡಿಗ್ರಿ ಎಷ್ಟೆಂದು ಮಾತ್ರ ಕೇಳಿಸಿಕೊಂಡ ಜನ ಈಗ ಅವಳ ಮುಖ ನೋಡಿ ಮಾತಾಡುತ್ತಿದ್ದರು. ಅದರಲ್ಲೂ ನಿವೃತ್ತ ಮೇಷ್ಟ್ರು. ಅವರು ಎರಡು ಸಲ ಓದಿದ್ದರು, ಪುಟದ ಸಂಖ್ಯೆ ಸಮೇತ ಮಾತಾಡುತ್ತಿದ್ದರು. ಅವರು ಸಾಲಿನಲ್ಲಿ ಕಾಣಿಸಿಕೊಂಡರೆ ಅವಳು ಸೆರಗಿನಿಂದ ಕೈ ಒರೆಸಿಕೊಂಡು ನೆಟ್ಟಗೆ ಕೂರುತ್ತಿದ್ದಳು.

ಒಂದು ದಿನ ದರ್ಜಿಯೇ ಮೊದಲು ಆ ಮಾತು ತೆಗೆದ. ಪುಸ್ತಕದವರು ಹೊಸ್ತಿಲಲ್ಲಿ ತಲೆ ವಾರೆ ಮಾಡಿಕೊಂಡು ನಿಲ್ಲುವುದು, ಬಾಯಿ ಬಿಡದೆ ರಾಗವಿಲ್ಲದ ಒಂದು ಗುನುಗು, ಇದನ್ನೆಲ್ಲ ಎಲ್ಲೋ ನೋಡಿದ ಹಾಗಿದೆಯಲ್ಲ ಎಂದ. ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಕಿಸಕ್ಕೆಂದರು. ಬೀದಿಯ ತುದಿಯಿಂದ ಹೊಸಬಳು ಕ್ಯಾನು ಹಿಡಿದು ಬರುತ್ತಿದ್ದಳು.

ಹೊಸಬಳು ಎಂದರೆ ವೆಲ್ಡಿಂಗ್ ಕೆಲಸದವನ ಹೆಂಡತಿ. ಮದುವೆಯಾಗಿ ಈ ಊರಿಗೆ ಬಂದು ಎಷ್ಟೋ ವರ್ಷವಾಗಿತ್ತು, ಗಂಡ ತೀರಿಕೊಂಡೂ ಕೆಲವು ವರ್ಷವಾಗಿತ್ತು, ಅವಳಿಗೆ ಮಾತ್ರ ಆ ಹೆಸರು ಹಳೆಯದಾಗಿರಲಿಲ್ಲ. ಬೀದಿಯ ಕೊನೆಯ ಮನೆ, ಒಂದು ಹಸು, ಒಂದು ಕರು. ಆ ಹಸುವಿನ ಹಾಲೇ ಅವಳ ಬದುಕು. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ನಿಲ್ಲುತ್ತಿದ್ದಳು, ಹಾಲು ಕರೆಯುವಾಗ ಗುನುಗುತ್ತಿದ್ದಳು. ಬರೆಯುವಾಗ ಡಿಗ್ರಿಯಕ್ಕನ ಕಣ್ಣ ಮುಂದೆ ಅದು ಬಂದು ನಿಂತಿತ್ತು, ಅವಳು ಎತ್ತಿ ಪುಸ್ತಕಕ್ಕೆ ಹಾಕಿಕೊಂಡಿದ್ದಳು. ಅದರಲ್ಲಿ ತಪ್ಪೇನೂ ಆಗ ಕಂಡಿರಲಿಲ್ಲ. ದರ್ಜಿ ಗುರುತು ಹಿಡಿದಾಗಲೂ ಅವಳಿಗೆ ಮೊದಲು ಆದದ್ದು ಹೆಮ್ಮೆಯೇ. ಯಥಾವತ್ತಾಗಿ ಬಂದಿದೆ ಎಂದಲ್ಲವೇ ಅದರ ಅರ್ಥ.

ಆ ವಾರದಲ್ಲೇ ಅದು ನಡೆದದ್ದು. ಮೇಷ್ಟ್ರು ಕೊನೆಯ ಅಧ್ಯಾಯದ ಬೆಂಕಿಯ ಬಗ್ಗೆ ಹೇಳುತ್ತಿದ್ದರು. ಓದುಗನಿಗೆ ಭಯವೂ ಆಗಬೇಕು, ಬೆಂಕಿ ಹತ್ತಿದಾಗ ಸಮಾಧಾನವೂ ಆಗಬೇಕು, ಎರಡನ್ನೂ ಒಟ್ಟಿಗೆ ಕೊಟ್ಟಿದ್ದೀಯಮ್ಮ ಎನ್ನುತ್ತಿದ್ದರು. ಡಿಗ್ರಿಯಕ್ಕ ಕಿವಿಯೆಲ್ಲ ಅಲ್ಲಿಟ್ಟು ಕೈಯಿಂದ ಹಾಲು ಅಳೆಯುತ್ತಿದ್ದಳು. ಹೊಸಬಳು ಕ್ಯಾನು ಮುಂದಿಟ್ಟು ತಗ್ಗಿದ ದನಿಯಲ್ಲಿ, ಹಸುವಿಗೆ ಕೆಚ್ಚಲು ಬಾವು ಬಂದಿದೆ, ಡಾಕ್ಟರು ಸೂಜಿ ಹಾಕಿ ಹೋದರು, ಈ ಹಾಲು ಹಾಕಬಹುದೋ ಬೇಡವೋ ನೀವೇ ನೋಡಿ ಹೇಳಿ ಎಂದಳು. ಸೂಜಿ ಬಿದ್ದ ಹಸುವಿನ ಹಾಲನ್ನು ವಾರದ ಮಟ್ಟಿಗೆ ತೆಗೆದುಕೊಳ್ಳಬಾರದೆಂಬುದು ಕೇಂದ್ರದ ಮೊದಲ ಪಾಠ. ಔಷಧಿ ಬೆರೆತ ಹಾಲು ಹೆಪ್ಪುಗಟ್ಟುವುದಿಲ್ಲ. ಲ್ಯಾಕ್ಟೋಮೀಟರಿಗೆ ಅದು ಗೊತ್ತಾಗುವುದಿಲ್ಲ, ಹಸುವಿನವರು ಹೇಳಬೇಕು, ಕೂತವರು ಕೇಳಿಸಿಕೊಳ್ಳಬೇಕು. ಕಾದಂಬರಿಯ ಮೊಸರಾಗದ ಹಾಲು ಹುಟ್ಟಿದ್ದೇ ಈ ಪಾಠದಿಂದ.

ಡಿಗ್ರಿಯಕ್ಕ ಮೇಷ್ಟ್ರ ಮುಖ ನೋಡುತ್ತಲೇ "ಹ್ಞೂಂ, ಹ್ಞೂಂ" ಅಂದಳು. ಹಾಲನ್ನು ಎತ್ತಿ ಪಕ್ಕದ ಸಣ್ಣ ಕ್ಯಾನಿಗೆ ಸುರಿದಳು. ಹಸುವಿಲ್ಲದ ಮನೆಗಳಿಗೆ ಅಳೆದು ಮಾರುವ ಊರಿನ ಕ್ಯಾನು ಅದು. ಕೊನೆಗೆ ಬರುವ ಹೊಸಬಳ ಹಾಲು ದಿನವೂ ಅದಕ್ಕೇ ಬೀಳುತ್ತಿತ್ತು.

ಮಾರನೇ ಬೆಳಗ್ಗೆ ಊರಿನಲ್ಲಿ ಎಷ್ಟೋ ಮನೆಗಳಲ್ಲಿ ಮೊಸರಿರಲಿಲ್ಲ. ಪಾತ್ರೆಯ ಮುಚ್ಚಳ ತೆಗೆದರೆ ಹಾಲು ಹಾಕಿದ ಹಾಗೇ ನೀರಾಗಿ ಅಲುಗುತ್ತಿತ್ತು. ಸಾಲಿನಲ್ಲಿ ಮೊದಲು ನಗು ಎದ್ದಿತು. "ಬಂದುಬಿಟ್ರು ಅಕ್ಕ, ನಿಮ್ಮವರು," ಎಂದ ದರ್ಜಿ. ಗಿರಣಿಯವಳು, ನಮ್ಮ ನಾಯಿಯೂ ಬೆಳಗ್ಗೆಯಿಂದ ಮಂಚದಡಿ ಮಲಗಿದೆ ಎಂದಳು. ಚಳಿಗೆ ನಾಯಿ ಇನ್ನೆಲ್ಲಿ ಮಲಗೀತು ಎಂದು ಯಾರೂ ಕೇಳಲಿಲ್ಲ. ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಊರಿನ ಕ್ಯಾನಿಗೆ ಯಾರ ಹಾಲು ಬೀಳುತ್ತದೆಂದು ಯಾರೋ ಕೇಳಿದರು. ಆಗ ಹೊಸಬಳು ಬಂದಳು. ಅವಳು ಸಾಲಿನ ಹಿಂದೆ ನಿಂತಾಗ ಅವಳ ಮುಂದಿದ್ದವನು ತನ್ನ ಕ್ಯಾನನ್ನು ಕಾಲಿಂದ ಒಂದಿಷ್ಟು ಮುಂದೆ ಸರಿಸಿಕೊಂಡ.

ಡಿಗ್ರಿಯಕ್ಕನಿಗೆ ಆ ಕ್ಷಣಕ್ಕೆ ಎಲ್ಲವೂ ನೆನಪಾಯಿತು. ಸೂಜಿ, ಬಾವು, ತಾನು ಹ್ಞೂಂಗುಟ್ಟಿದ್ದು. ನಾಲಿಗೆಯ ತುದಿಯವರೆಗೆ ಮಾತು ಬಂತು. ಹೇಳಿದರೆ, ಕೆಲಸದ ಮೊದಲ ಪಾಠ ಮರೆತವಳೆಂದು ಮೇಷ್ಟ್ರ ಮುಂದೆ ಒಪ್ಪಿಕೊಂಡ ಹಾಗೆ, ಮೇಲಿನವರಿಗೆ ಗೊತ್ತಾದರೆ ಕುರ್ಚಿಯೂ ಹೋಗಬಹುದು. ಅವಳು ಮಾತು ನುಂಗಿ, ಹೊಸಬಳ ಕಡೆ ತಲೆಯೆತ್ತದೆ, "ಇವತ್ತು ಬೇಡ, ಒಂದು ವಾರ ಬಿಟ್ಟು ನೋಡೋಣ," ಎಂದಳು. ಅವಳ ಲೆಕ್ಕದಲ್ಲಿ ಅದು ಸೂಜಿಯ ವಾರ. ಸಾಲಿನಲ್ಲಿದ್ದವರು ಅದನ್ನು ಬೇರೆ ರೀತಿ ಕೇಳಿಸಿಕೊಂಡರು. ಬರೆದವಳೇ ಬೇಡ ಎಂದ ಮೇಲೆ ಇನ್ನೇನು ಹೇಳುವುದಿದೆ ಎಂಬ ಹಾಗೆ ತಲೆಗಳು ಆಡಿದವು. ಹೊಸಬಳು ಏನಾದರೂ ಹೇಳುತ್ತಾಳೆಂದು ಡಿಗ್ರಿಯಕ್ಕ ಕಾದಳು. ಅವಳು ಕ್ಯಾನು ಎತ್ತಿಕೊಂಡು ತಿರುಗಿದಳು.

ವಾರ ಕಳೆಯಿತು. ಮನೆಮನೆಯಲ್ಲಿ ಮೊಸರು ಗಟ್ಟಿಯಾಗಿಯೇ ಆಯಿತು. ಅವಳ ಹಾಲು ನಿಂತ ಮೇಲೆ ಮೊಸರಾಯಿತಲ್ಲ ಎಂದು ಅದೂ ಸಾಕ್ಷಿಯಾಯಿತು. ಪುಸ್ತಕಕ್ಕೆ ಎಂದಿಲ್ಲದ ಬೇಡಿಕೆ ಬಂದು, ಓದಲು ಬಾರದವರೂ ಓದಿಸಿಕೊಂಡರು. ಹೊಸಬಳು ಮಾತ್ರ ವಾರ ಮುಗಿದರೂ ಬರಲಿಲ್ಲ. ಅವಳ ಬಾಗಿಲ ಮುಂದೆ ಹಾಯ್ದು ಹೋಗುವವರು ಬೀದಿಯ ಆ ಮಗ್ಗುಲಿಗೆ ಸರಿದು ನಡೆಯುತ್ತಿದ್ದಾರೆಂದು ಗಾಡಿ ಓಡಿಸುವ ಗಂಡ ಊಟದ ಹೊತ್ತಿನಲ್ಲಿ ಹೇಳಿದ.

ಮಧ್ಯಾಹ್ನ ಡಿಗ್ರಿಯಕ್ಕ ಕೇಂದ್ರಕ್ಕೆ ಬೀಗ ಹಾಕಿ ಹೊಸಬಳ ಮನೆಗೆ ಹೋದಳು. ಇಷ್ಟು ವರ್ಷದಲ್ಲಿ ಆ ಮನೆಯ ಒಳಗೆ ಅವಳು ಕಾಲಿಟ್ಟವಳಲ್ಲ. ಹೊಸಬಳು ಅಂಗಳದಲ್ಲಿ ಕರುವಿನ ಮೂತಿಯನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಹಾಲು ಕರುವಿಗೆ, ಮಿಕ್ಕದ್ದು ಗಿಡದ ಬುಡಕ್ಕೆ ಹೋಗುತ್ತಿತ್ತು. ಡಿಗ್ರಿಯಕ್ಕ ಎಡಗಡೆ ನಿಂತು ಕರೆದರೆ ಅವಳು ತಿರುಗಲಿಲ್ಲ. ಮುಂದೆ ಬಂದು ನಿಂತ ಮೇಲೆ ತಲೆ ವಾಲಿಸಿ, "ಈ ಕಿವಿ ಕೇಳಲ್ಲ ಅಕ್ಕ, ಚಿಕ್ಕವಳಿದ್ದಾಗಿಂದ," ಎಂದು ಮಣೆ ಕೊಟ್ಟಳು.

ಡಿಗ್ರಿಯಕ್ಕ ಕೂತಳು. ತಪ್ಪು ನನ್ನದು, ನೀವು ಹೇಳಿದ್ದಿರಿ, ನಾನು ಕೇಳಿಸಿಕೊಳ್ಳಲಿಲ್ಲ, ನಾಳೆಯಿಂದ ಹಾಲು ತನ್ನಿ ಎಂದು ಮೊದಲೇ ಕಟ್ಟಿಕೊಂಡು ಬಂದ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಹೊಸಬಳು ಕರುವಿನ ಕೊರಳಿನ ಗಂಗೆದೊಗಲು ಸವರುತ್ತಾ ಕೇಳಿಸಿಕೊಂಡಳು. ತೀರಿಕೊಂಡ ಗಂಡನ ಮೇಲಂಗಿಯನ್ನು ತನ್ನ ಅಳತೆಗೆ ಹೊಲಿಸಲು ಒಯ್ದಾಗ ದರ್ಜಿ ಅದನ್ನು ಮುಟ್ಟದೆ ವಾಪಸು ಕಳಿಸಿದನೆಂದು, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದಳು. ಆಮೇಲೆ, "ನಾನೂ ಓದಿದೆ," ಎಂದಳು.

"ಹೇಗಿತ್ತು?"

ಕೇಳಬಾರದಿತ್ತು. ಡಿಗ್ರಿಯಕ್ಕನ ಬಾಯಿಂದ ಅದು ರೂಢಿಯಂತೆ ಹೊರಬಿದ್ದಾಗಿತ್ತು.

"ಚೆನ್ನಾಗಿದೆ ಅಕ್ಕ. ನನಗೇ ಭಯ ಆಯ್ತು. ಎದ್ದು ಬಾಗಿಲು ಹಾಕ್ಕೊಂಡೆ. ಆಮೇಲೆ, ಯಾರು ಒಳಗೆ ಬರಬಾರದು ಅಂತ ಹಾಕ್ಕೊಂಡೆ ಅಂತ ಯೋಚನೆ ಮಾಡಿ ನಗು ಬಂತು." ಅವಳು ನಿಜಕ್ಕೂ ಸ್ವಲ್ಪ ನಕ್ಕಳು. "ಒಂದೇ ಒಂದು. ಅಷ್ಟು ದಪ್ಪ ಪುಸ್ತಕದಲ್ಲಿ, ನೀನು ಯಾಕೆ ಬಂದೆ ಅಂತ ಒಬ್ರಾದ್ರೂ ಅವಳನ್ನ ಕೇಳಬಹುದಿತ್ತು. ಎಲ್ರೂ ಬರೀ ನೋಡ್ತಾರೆ. ಸುಡೋಕೆ ಮುಂಚೆ ಆದ್ರೂ."

ಬರೆಯುವಾಗ ಆ ಪ್ರಶ್ನೆ ಡಿಗ್ರಿಯಕ್ಕನಿಗೆ ಬಂದೇ ಇರಲಿಲ್ಲ. ಎದ್ದು ಬರುವಾಗ, ನಾಳೆ ನಾನೇ ಎಲ್ಲರ ಮುಂದೆ ಹೇಳುತ್ತೇನೆ, ನೀವು ಬನ್ನಿ ಎಂದಳು.

ಮಾರನೇ ದಿನ ಹೊಸಬಳು ಬಂದು ಸಾಲಿನ ಕೊನೆಗೆ ನಿಂತಳು. ಡಿಗ್ರಿಯಕ್ಕ ಅಳತೆಯ ಲೋಟ ಕೆಳಗಿಟ್ಟು ಎದ್ದು ನಿಂತು ಹೇಳಿದಳು. ಸೂಜಿ ಹಾಕಿಸಿದ್ದನ್ನು ಅವರು ಹೇಳಿದ್ದರು, ಮಾತಿನ ಗುಂಗಿನಲ್ಲಿದ್ದ ನಾನು ಹಾಲು ಸುರಿದುಬಿಟ್ಟೆ, ಮೊಸರಾಗದ್ದು ಔಷಧಿಯಿಂದ, ತಪ್ಪು ಪೂರ್ತಿ ನನ್ನದು. ಮೇಷ್ಟ್ರ ಮುಖ ಗಂಟಾಗುತ್ತದೆಂದು ಹೆದರಿದ್ದಳು. ಅದು ಇನ್ನಷ್ಟು ಮೆತ್ತಗಾಯಿತು.

"ನಿಮ್ಮ ಮನಸ್ಸು ದೊಡ್ಡದು ಅಕ್ಕ," ಎಂದ ದರ್ಜಿ. "ಆದ್ರೆ ಪುಸ್ತಕದಲ್ಲಿ ನಂಬೋ ಹಾಗೆ ಬರೆದಿದ್ರಿ. ಇದು ಅಷ್ಟು ನಂಬೋ ಹಾಗಿಲ್ಲ."

ಒಂದಿಬ್ಬರು ನಕ್ಕರು. ಡಿಗ್ರಿಯಕ್ಕ ಮೇಷ್ಟ್ರ ಕಡೆ ತಿರುಗಿದಳು. ಹಾಲಿಗೂ ಔಷಧಿಗೂ ಇರುವ ಸಂಬಂಧ ನಿಮಗಾದರೂ ಗೊತ್ತಲ್ಲ ಸಾರ್, ಹೇಳಿ ಎಂದಳು.

"ಗೊತ್ತಮ್ಮ," ಎಂದರು ಮೇಷ್ಟ್ರು, ತರಗತಿಯಲ್ಲಿ ದಡ್ಡ ಮಗುವಿಗೆ ತಿಳಿಸುವ ಹಾಗೆ. "ನಕ್ಷತ್ರದಿಂದ ಬಂದವಳು ಅಂತ ಇಲ್ಲಿ ಯಾರೂ ನಂಬಿಲ್ಲ. ನಾವೇನು ಮಕ್ಕಳಾ? ಔಷಧಿನೇ ಇರಬಹುದು. ಆದ್ರೆ ಅವಳ ವಿಷಯದಲ್ಲಿ ನಮಗೆಲ್ಲ ಮೊದಲಿಂದ ಒಂಥರಾ ಅನ್ನಿಸ್ತಾ ಇತ್ತು. ಏನು ಅಂತ ಹೇಳೋಕೆ ಬರ್ತಿರಲಿಲ್ಲ. ನೀನು ಅದನ್ನ ಬರೆದು ಕೊಟ್ಟೆ. ಒಳ್ಳೇ ಪುಸ್ತಕ ಮಾಡೋದು ಅದನ್ನೇ."

ಅವಳ ಪುಸ್ತಕಕ್ಕೆ ಬಂದ ಅಭಿಪ್ರಾಯಗಳಲ್ಲಿ ಇದಕ್ಕಿಂತ ದೊಡ್ಡ ಮೆಚ್ಚುಗೆ ಇರಲಿಲ್ಲ. ಡಿಗ್ರಿಯಕ್ಕ ಮೊಳೆಯ ಮೇಲಿನ ಚೀಲವನ್ನು ಇಳಿಸಿ ಮೇಜಿನ ಖಾನೆಗೆ ತಳ್ಳಿದಳು. ಅದು ಈಗಾಗಲೇ ಎಲ್ಲರ ತಲೆಯಲ್ಲಿದೆ, ಖಾನೆಗೆ ತಳ್ಳಿ ಏನು ಬಂತು ಎಂದೂ ಅನ್ನಿಸಿತು.

ಹೊಸಬಳ ಕ್ಯಾನನ್ನು ಮುಂದಕ್ಕೆ ತರಿಸಿಕೊಂಡಳು. ಲ್ಯಾಕ್ಟೋಮೀಟರ್ ಇಳಿಬಿಟ್ಟು, ದಿನದಂತೆ ಗಟ್ಟಿಯಾಗಿ ಡಿಗ್ರಿ ಕೂಗಿದಳು. ನಂತರ ಎಲ್ಲರೂ ನೋಡುತ್ತಿದ್ದಂತೆ ಅದನ್ನು ಊರಿನ ಕ್ಯಾನಿಗೆ ಸುರಿದು, ಮೊದಲು ತನ್ನ ಮನೆಯ ಪಾತ್ರೆಗೆ ಒಂದು ಲೀಟರ್ ಅಳೆದು ಪಕ್ಕಕ್ಕಿಟ್ಟಳು.

"ಮುಂದೆ ಬನ್ನಿ."

ಮೇಷ್ಟ್ರು ತಮ್ಮ ಪಾತ್ರೆಯ ಮುಚ್ಚಳ ಮುಚ್ಚಿ, ಇವತ್ತು ಮನೆಯಲ್ಲಿ ಹಾಲು ಮಿಕ್ಕಿದೆ ಎಂದು ಹೇಳಿ ಹೊರಟರು. ಅವರ ಹಿಂದೆ ಇನ್ನಿಬ್ಬರು ಹೋದರು. ದರ್ಜಿ ಹೋಗಲಿಲ್ಲ, ಮುಂದಕ್ಕೂ ಬರಲಿಲ್ಲ. ಕೊನೆಗೆ ಗಿರಣಿಯವಳು ಬಂದು ಪಾತ್ರೆ ಒಡ್ಡಿದಳು. ದಿನವೂ ಒಂದು ಲೀಟರ್ ಒಯ್ಯುವವಳು.

"ಅರ್ಧ ಸಾಕು ಅಕ್ಕ," ಎಂದಳು, ಪಾತ್ರೆಯನ್ನೇ ನೋಡುತ್ತಾ.

ಅವಳ ಹಿಂದೆ ಬಂದವರಿಗೂ ಅರ್ಧವೇ ಸಾಕಾಯಿತು. ಸಾಲು ಕರಗಿದಾಗ ಕ್ಯಾನಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಾಲು ಹಾಗೇ ಉಳಿದಿತ್ತು. ಗಾಡಿಯವನಾದ ಗಂಡ ಹೊರಗೆ ಹಾರನ್ ಹೊಡೆಯುತ್ತಿದ್ದ. ಹೊಸಬಳು ಹತ್ತಿರ ಬಂದು ಕ್ಯಾನಿನೊಳಗೆ ಬಗ್ಗಿ ನೋಡಿದಳು.

"ನಾಳೆಯಿಂದ ಕಡಿಮೆ ತರ್ಲಾ?"

"ಅಷ್ಟೇ ತನ್ನಿ," ಎಂದಳು ಡಿಗ್ರಿಯಕ್ಕ.