ಸತ್ತದ್ದೋ ಮಲಗಿದ್ದೋ

ಕಂಪ್ಯೂಟರಿನ ಪರದೆ ಆರಿಹೋದದ್ದನ್ನೂ ಕಥೆಯೆಂದು ಹೇಳಹೊರಟದ್ದಕ್ಕೆ ಓದುವವರು ಮನ್ನಿಸಬೇಕು. ಹೊನ್ನಾವರ ಬಂದರಿನ ಮೀನುಗಾರರ ಸೊಸೈಟಿಯಲ್ಲಿ ಕಂಪ್ಯೂಟರ್ ಕೆಲಸದ ರೇಖಾ ಊಟದ ಡಬ್ಬಿ ತೊಳೆದುಕೊಂಡು ಒಳಗೆ ಬರುವಷ್ಟರಲ್ಲಿ ಪರದೆ ಕಪ್ಪಾದದ್ದು ಕಂಡು ಕಾವಲುಗಾರ ಜಟ್ಟಣ್ಣ ಕಂಪ್ಯೂಟರಿಗೆ ಬ್ಯಾಟರಿ ಕರೆಂಟು ಕೊಡುವ ಯುಪಿಎಸ್ಸಿನ ಸ್ವಿಚ್ಚು ಆರಿಸಿಬಿಟ್ಟಿದ್ದ. ಮತ್ತೆ ಹಚ್ಚಿ ನೋಡಿದರೆ, ಬೆಳಗಿನಿಂದ ಬೋಟುಗಳ ಹೆಸರು ಟೈಪು ಮಾಡಿ ಉಳಿಸಿಟ್ಟ ಫೈಲು ತೆರೆಯಲೇ ಇಲ್ಲ. ಹೀಗಾದದ್ದು ಇದೇ ಮೊದಲಲ್ಲ.

ಅಧ್ಯಕ್ಷ ದುರ್ಗಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಂಗಿ, ಬೋಟು ಕಡಲಿಗೆ ಇಳಿಯೂ ದಿನ ಹತ್ರ ಬಂತು. ಈ ಪಟ್ಟಿ ಇಲ್ದೆ ಡೀಸೆಲ್ ಪಾಸು ಆಗ್ದಿದ್ರೆ ಜನ ನನ್ನ ಬೈತ್ರು. ಇನ್ನೊಂದ್ಸಲ ಹಿಂಗಾದ್ರೆ ಈ ಕಂಪ್ಯೂಟರ್ ಕಟ್ಟಿ ಇಡೂದೇ. ನೀನೂ ಬೇರೆ ಕೆಲಸ ನೋಡ್ಕ."

"ಜಟ್ಟಣ್ಣ, ಅದು ಮಲಗಿತ್ತು ಅಷ್ಟೇ. ಎಷ್ಟು ಸಲ ಹೇಳೂದು?" ಎಂದಳು ರೇಖಾ.

"ಇಂಜಿನ್ ಸದ್ದು ನಿಂತ್ರೆ ಮೊದ್ಲು ಎಣ್ಣೆ ಬಂದ್ ಮಾಡೂದು. ಬೋಟಲ್ಲಿ ಹಂಗೇ ಕಲ್ತದ್ದು," ಎಂದ ಜಟ್ಟಣ್ಣ. "ಕಪ್ಪಾಗಿ ಕೂತ್ರೆ ಸತ್ತದ್ದೋ ಮಲಗಿದ್ದೋ ನಂಗೆಂತ ಗೊತ್ತಾತು?"

ಜಗಲಿಯಲ್ಲಿ ಒಣಮೀನಿನ ಬುಟ್ಟಿ ಇಳಿಸುತ್ತಿದ್ದ ಬಂಗಾರಿ ನಕ್ಕಳು. "ಇವನ ಹೆಂಡ್ತಿ ಮಧ್ಯಾಹ್ನ ಕಣ್ಣು ಮುಚ್ಚೂಕೂ ಹೆದರ್ತಾಳಂತೆ. ಎಲ್ಲಿ ಸ್ವಿಚ್ ಬಂದ್ ಮಾಡ್ತ್ನೋ ಅಂದೇಳಿ."

ಎಲ್ಲರೂ ನಕ್ಕರು. ರೇಖಾ ನಗಲಿಲ್ಲ. ಜಟ್ಟಣ್ಣ ಕೇಳಿದ್ದೂ ಸರಿಯೇ ಅನ್ನಿಸಿತು.

ಅವಳು ವಿದ್ಯುತ್ತಿನ ಸೆಟ್ಟಿಂಗ್ ತೆರೆದಳು. ಪರದೆ ಯಾವಾಗ ಆರಬೇಕು, ಡಿಸ್ಕು ಯಾವಾಗ ನಿಲ್ಲಬೇಕು, ಯಂತ್ರ ಯಾವಾಗ ಮಲಗಬೇಕು. ಕರೆಂಟಿದ್ದರೆ ಒಂದು, ಬ್ಯಾಟರಿಯಾದರೆ ಇನ್ನೊಂದು. ಇವನ್ನು ಮುಟ್ಟಬೇಡಿರೆಂದು ಕುಮಟೆಯ ಸಂಜೆ ಕಂಪ್ಯೂಟರ್ ಕ್ಲಾಸಿನ ಮಾಸ್ತರರು ಹೇಳಿದ್ದರು. ಮುಟ್ಟಿ ಕೆಟ್ಟರೆ ತಪ್ಪು ತನ್ನದೇ. ಮುಟ್ಟದಿದ್ದರೂ ಕೆಲಸ ಹೋಗುವುದಂತೂ ಖಚಿತ. ಒಂದೊಂದಾಗಿ ಎಲ್ಲಕ್ಕೂ 'ಎಂದೂ ಬೇಡ' ಎಂದು ಗುರುತು ಹಾಕಿದಳು. ಒಂದನ್ನು ಮಾತ್ರ ಉಳಿಸಿದಳು: ಬ್ಯಾಟರಿ ಮುಗಿಯುತ್ತ ಬಂದರೆ, ತೆರೆದ ಕೆಲಸವನ್ನು ಇದ್ದ ಹಾಗೇ ಕಾದಿಟ್ಟು ತಾನೇ ಆರುವುದು.

"ಜಟ್ಟಣ್ಣ, ಇನ್ನು ಇದು ಮಲಗೂದಿಲ್ಲ. ಬೆಳಕಿದ್ರೆ ಜೀವ ಉಂಟು. ಕಪ್ಪಾಗಿ ಸದ್ದೂ ನಿಂತ್ರೆ ನೀ ಬಂದ್ ಮಾಡು."

"ಆತು," ಎಂದ ಅವನು, ನಂಬದವನ ಹಾಗೆ.

ಮರುದಿನ ದುರ್ಗಪ್ಪ ಪಕ್ಕದಲ್ಲೇ ಕುಳಿತಿದ್ದಾಗ ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ನಿಂತಿತು. ಯುಪಿಎಸ್ಸು ಕೂಗತೊಡಗಿತು. ಜಟ್ಟಣ್ಣ ಎದ್ದು ಬಂದು ಸ್ವಿಚ್ಚಿನ ಮೇಲೆ ಬೆರಳಿಟ್ಟ. ಪರದೆ ಬೆಳಗುತ್ತಲೇ ಇತ್ತು. ಅವನು ಬಗ್ಗಿ, ಮಗುವಿನ ಉಸಿರು ನೋಡುವವನಂತೆ ಅದನ್ನೇ ನೋಡಿದ. ರೇಖಾ ಹೆಸರುಗಳನ್ನು ಹೊಸದಾಗಿ ಟೈಪು ಮಾಡುತ್ತಲೇ ಹೋದಳು. ಒಂದು ಬೋಟಿನ ಹೆಸರು ಅರ್ಧವಾಗಿದ್ದಾಗ ಕೂಗು ಬಿರುಸಾಯಿತು, ಪರದೆ ತಾನಾಗಿ ಕಪ್ಪಾಯಿತು, ಕೊನೆಗೆ ಕಂಪ್ಯೂಟರ್ ಪೆಟ್ಟಿಗೆಯ ಗುಂಯ್‌ ಸದ್ದೂ ನಿಂತಿತು. ಆಗ ಜಟ್ಟಣ್ಣ ಸ್ವಿಚ್ಚು ಆರಿಸಿದ.

ಕರೆಂಟು ಬರುವವರೆಗೂ ರೇಖಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದಳು.

ಮತ್ತೆ ಹಚ್ಚಿದಾಗ ಹೆಸರುಗಳೆಲ್ಲ ಬಿಟ್ಟಲ್ಲೇ ಇದ್ದವು. ಅರ್ಧ ಹೆಸರಿನ ಮುಂದೆ ಸಣ್ಣ ಗೆರೆಯೊಂದು ಮಿನುಗುತ್ತ ಕಾಯುತ್ತಿತ್ತು.

ಜಟ್ಟಣ್ಣ ಅಷ್ಟು ಹೊತ್ತು ಕೈ ತಡೆದದ್ದು ತನ್ನ ಮಾತು ನಂಬಿಯೋ, ಅಧ್ಯಕ್ಷರು ಎದುರಿಗಿದ್ದುದಕ್ಕೋ, ರೇಖಾ ಕೇಳಲಿಲ್ಲ. ಈಗಲೂ ಅವಳಿಗೆ ಗೊತ್ತಿಲ್ಲ.