ಕೋಕಿಲಾಳ ಕ್ಯಾಸೆಟ್ಟು

ಥೈರಾಯ್ಡ್ ಗಡ್ಡೆಯ ಆಪರೇಷನ್ ಆದಮೇಲೆ ಕೋಕಿಲಾಳ ಗಂಟಲಿನಿಂದ ಬರುತ್ತಿದ್ದದ್ದು ದನಿಯಲ್ಲ, ಒಣ ಕರಟ ಉಜ್ಜಿದಂಥ ಸದ್ದು. ಸ್ವರತಂತುವಿನ ನರಕ್ಕೆ ಪೆಟ್ಟಾಗಿದೆ, ಇನ್ನು ಹಾಡುವ ಮಾತು ಬಿಡಿ ಎಂದು ಡಾಕ್ಟರು ಹೇಳಿದ ದಿನ ಗಂಡ ಸೇತುರಾಮ ಆಸ್ಪತ್ರೆಯ ಮಂಚದ ಪಕ್ಕ ಕೂತು ಅವಳ ಕೈ ಸವರಿದ್ದ.

"ಯಾಕೆ ಅಳ್ತೀಯ? ಕ್ಯಾಸೆಟ್ ಇದೆಯಲ್ಲ. ನಿನ್ನ ದನಿ ಎಲ್ಲೂ ಹೋಗಿಲ್ಲ ಕಣೇ, ನಮ್ಮನೇಲೇ ಇದೆ."

ಅದನ್ನು ಅವಳು ಪ್ರೀತಿ ಎಂದೇ ತಿಳಿದಳು. ಮದುವೆಗೆ ಮುಂಚೆ ರಾಜಾಜಿನಗರದ ರಾಮನವಮಿ ಪೆಂಡಾಲಿನಲ್ಲಿ ಅವಳು ಹಾಡಿದ ಕಲ್ಯಾಣಿ ಆಲಾಪನೆಯನ್ನು ಮುಂದಿನ ಸಾಲಿನಲ್ಲಿ ಕೂತು ಟೇಪಿನಲ್ಲಿ ಹಿಡಿದವನು ಅವನೇ. ಅದನ್ನು ಕೇಳಿ ಕೇಳಿಯೇ ಹೆಣ್ಣು ಕೇಳಲು ಬಂದಿದ್ದ.

ಬ್ಯಾಂಕಿನಿಂದ ನಿವೃತ್ತನಾದ ಸೇತುರಾಮ ಬಸವೇಶ್ವರನಗರದ ಮನೆಯ ಹಾಲಿನಲ್ಲಿ ಹೊಸ ಆಂಪ್ಲಿಫೈಯರು, ಆಳೆತ್ತರದ ಸ್ಪೀಕರುಗಳನ್ನು ತಂದು ನಿಲ್ಲಿಸಿದ. ಕ್ಯಾಸೆಟ್ಟು ಹಾಕಿ ಕೇಳಿದವನಿಗೆ ತೃಪ್ತಿಯಾಗಲಿಲ್ಲ. ದನಿಯ ಮೇಲೆ ಏನೋ ತೆಳ್ಳಗೆ ಪರದೆ ಇದ್ದ ಹಾಗಿದೆ ಎಂದ. ಚಂದ್ರಾ ಲೇಔಟಿನ ರೇವಣಸಿದ್ದಪ್ಪ ಇಂಥದೇ ಹುಚ್ಚಿನಲ್ಲಿ ಹಣ್ಣಾದವನು. ಬಂದು ಗೋಡೆಯ ಪ್ಲಗ್ಗನ್ನು ನೋಡಿ ತಲೆಯಾಡಿಸಿದ.

"ಕರೆಂಟೇ ಕೊಳಕು ಸಾರ್. ಫ್ರಿಜ್ಜು, ಮೋಟರು ಎಲ್ಲದರ ಕಸ ನಿಮ್ಮ ಸೆಟ್ಟಿಗೆ ಬರ್ತಾ ಇದೆ."

ಮೀಟರಿನಿಂದ ನೇರ ಬೇರೆ ಲೈನು ಎಳೆದರು. ತುಳಸಿಕಟ್ಟೆಯನ್ನು ಪಕ್ಕಕ್ಕೆ ಸರಿಸಿ ಅಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ ಸೆಟ್ಟಿಗೇ ಒಂದು ಅರ್ಥಿಂಗ್ ಕೊಟ್ಟರು. ಆಮೇಲೆ ಹೆಬ್ಬೆರಳಿಗಿಂತ ದಪ್ಪದ ಕೇಬಲ್ಲುಗಳು ಬಂದವು. ಅವು ನೆಲಕ್ಕೆ ತಾಗಬಾರದೆಂದು ಕೆಳಗೆ ಮರದ ತುಂಡುಗಳನ್ನು ಇಟ್ಟರು. ಒಂದೊಂದು ಬದಲಾದಾಗಲೂ ಸೇತುರಾಮ ಕ್ಯಾಸೆಟ್ಟು ಹಾಕಿ ಕಣ್ಣು ಮುಚ್ಚುತ್ತಿದ್ದ. "ನೀನು ಉಸಿರು ತಗೊಳ್ಳೋದು ಕೂಡ ಕೇಳ್ತಿದೆ ಕಣೇ," ಎನ್ನುತ್ತಿದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತ ಕೋಕಿಲಾಳ ಕಣ್ಣು ತುಂಬುತ್ತಿತ್ತು.

ಅವನು ಕೇಳಲು ಕೂತನೆಂದರೆ ಅವಳು ನಡೆಯುವಂತಿರಲಿಲ್ಲ, ನೆಲ ಅದುರುತ್ತದೆ. ಮಿಕ್ಸಿ ಹಾಕುವಂತಿರಲಿಲ್ಲ. ಟೇಪು ಶುರುವಾದಾಗ ಎಲ್ಲಿ ನಿಂತಿದ್ದಳೋ ಅದು ಮುಗಿಯುವವರೆಗೂ ಅಲ್ಲೇ ನಿಲ್ಲುತ್ತಿದ್ದಳು. ಕೇಳಲು ಜನ ಬಂದಾಗ ಮಾತಾಡುವುದನ್ನೂ ಬಿಟ್ಟಳು. ಅದು ಅವನೇ ಹೇಳಿದ್ದು: "ಬೇಜಾರು ಮಾಡ್ಕೋಬೇಡ. ನಿನ್ನ ಈ ಗೊರಗೊರ ಕಿವೀಲಿ ಕೂತ್ಬಿಟ್ರೆ ಅವರಿಗೆ ಟೇಪು ರುಚಿಸಲ್ಲ." ಅವಳು ಕಾಫಿಯ ಲೋಟಗಳನ್ನಿಟ್ಟು, ನಕ್ಕು, ಒಳಗೆ ಹೋಗುತ್ತಿದ್ದಳು.

ಒಂದು ಭಾನುವಾರ ಕ್ಯಾಸೆಟ್ ಡೆಕ್ಕಿನ ಕೆಳಗೆ ಗ್ರಾನೈಟ್ ಚಪ್ಪಡಿ, ಸ್ಪೀಕರುಗಳ ಕೆಳಗೆ ಚೂಪಾದ ಹಿತ್ತಾಳೆಯ ಕಾಲುಗಳು ಬಂದವು. ಇನ್ನು ಅದುರುವ ಮಾತೇ ಇಲ್ಲ ಎಂದು ರೇವಣಸಿದ್ದಪ್ಪ ಹೇಳಿ ಹೋದ. ಸೇತುರಾಮ ಕೇಳುತ್ತ ಕೂತ. ಟೇಪು ನಿಲ್ಲಿಸಿದ. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದ. ಮತ್ತೂ ಒಮ್ಮೆ ತಿರುಗಿಸಿದ.

"ಕೋಕಿಲಾ, ಬಾ ಇಲ್ಲಿ. ಈ ಮೇಲಿನ ಗಾಂಧಾರ ಕೇಳು. ಶ್ರುತಿಗಿಂತ ಒಂದು ಕೂದಲೆಳೆ ಕೆಳಗಿದೆ."

"ಹೌದು," ಎಂದಳು ಅವಳು.

"ಹೌದಾ? ನಿನಗೆ ಗೊತ್ತಿತ್ತಾ?"

"ಆವತ್ತೇ ಗೊತ್ತಿತ್ತು. ವೇದಿಕೆ ಇಳೀತಿದ್ದ ಹಾಗೇ ನಮ್ಮ ಮೇಷ್ಟ್ರು ಹೇಳಿದ್ರು."

ಸೇತುರಾಮನ ಮುಖ ಕೆಂಪಾಯಿತು. "ಇಷ್ಟು ವರ್ಷ ನಾನು ಬಾಯಿಬಿಟ್ಕೊಂಡು ಕೇಳ್ತಾ ಕೂತಿದ್ರೆ ನೋಡ್ತಾ ಇದ್ಯಾ? ನನ್ನ ಮಂಗ ಮಾಡಿದ್ಯಾ?"

"ನಿಮಗೆ ಇಷ್ಟ ಆಗಿತ್ತಲ್ಲ ರೀ. ಅದನ್ನ ಯಾಕೆ ಕೆಡಿಸ್ಲಿ ಅಂತ..."

"ಸಾಕು, ಒಳಗೆ ಹೋಗು."

ಕ್ಯಾಸೆಟ್ಟನ್ನು ಇನ್ನು ಮುಟ್ಟುವುದಿಲ್ಲವೇನೋ ಎಂದು ಅವಳು ಎಣಿಸಿದ್ದಳು. ಮುಂದಿನ ಭಾನುವಾರ ನಾಲ್ಕಾರು ಜನ ಸೇರಿದ್ದಾಗ ಅದನ್ನೇ ಎತ್ತಿ ಹಾಕಿದ.

"ಸಾಧಾರಣ ಸೆಟ್ಟಲ್ಲಿ ಇದು ಅಮೃತದ ಹಾಗಿರುತ್ತೆ. ನಮ್ಮದರಲ್ಲಿ ಕೇಳಿ, ಎಲ್ಲಿ ಜಾರ್ತಾಳೆ ಅಂತ."

ಬಂದವರು ಮುಂದಕ್ಕೆ ಬಾಗಿ ಕಾದರು. ಆ ಸ್ವರ ಬಂದೊಡನೆ ಒಬ್ಬ ತೊಡೆ ತಟ್ಟಿದ, ಇನ್ನೊಬ್ಬ ನಕ್ಕ. ಕನ್ನಡಿಯ ಹಾಗಿದೆ ಸಾರ್ ನಿಮ್ಮ ಸೆಟ್ಟು, ಒಂದು ತಪ್ಪೂ ಬಚ್ಚಿಟ್ಟುಕೊಳ್ಳೋಕಾಗಲ್ಲ ಎಂದು ಹೊಗಳಿದರು. ಹೊಸದಾಗಿ ಬಂದಿದ್ದ ಒಬ್ಬ ಕೇಳಿದ, "ಯಾರು ಸಾರ್ ಹಾಡಿರೋದು?"

"ಯಾರೋ. ಹಳೇ ರೆಕಾರ್ಡಿಂಗು," ಎಂದ ಸೇತುರಾಮ.

ಕೋಕಿಲಾ ಗಂಡನ ಮುಂದೆಯೇ ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು. ರೇವಣಸಿದ್ದಪ್ಪ ತನ್ನ ಲೋಟ ತೆಗೆದುಕೊಳ್ಳುವಾಗ ಅವಳ ಮುಖ ನೋಡಲಿಲ್ಲ.

ಎಲ್ಲರೂ ಹೋದಮೇಲೆ, ಅದನ್ನು ಜನರ ಮುಂದೆ ಹಾಕಬೇಡಿ ಎಂದು ಬೇಡಿಕೊಂಡಳು. "ಆ ಟೇಪಿಗೆ ಈಗ ಇರೋ ಉಪಯೋಗ ಅದೊಂದೇ ಕಣೇ," ಎಂದು ಅವನು ಪೇಪರು ಬಿಡಿಸಿದ.

ದಸರೆಯ ಹೊತ್ತಿಗೆ ಅವನಿಗೆ ಇನ್ನೊಂದು ಆಸೆ ಹುಟ್ಟಿತು. ತಪ್ಪಿಲ್ಲದ ದನಿಯೊಂದನ್ನು ತನ್ನ ಮನೆಯಲ್ಲೇ ರೆಕಾರ್ಡ್ ಮಾಡಬೇಕು. ರೇವಣಸಿದ್ದಪ್ಪನ ತಂಗಿಯ ಮಗಳು ಕೀರ್ತನಾ ವಿಜಯನಗರದವಳು, ಕಾಲೇಜು ಓದುತ್ತಲೇ ಸ್ಪರ್ಧೆಗಳಲ್ಲಿ ಹೆಸರು ಮಾಡಿದ್ದಳು. ಅವಳನ್ನು ಕರೆಸಿ ಮೈಕಿನ ಮುಂದೆ ಕೂರಿಸಿದ. ಕಲ್ಯಾಣಿಯನ್ನೇ ಹಾಡಮ್ಮ ಎಂದ.

ಕೋಕಿಲಾ ಬಾಗಿಲಲ್ಲಿ ನಿಂತು ಕೇಳಿದಳು. ಹುಡುಗಿ ಅವಸರವಿಲ್ಲದೆ ಮೇಲೇರಿ ಗಾಂಧಾರದ ಮೇಲೆ ನಿಂತಳು. ಒಂದಿಷ್ಟೂ ಅಲುಗಲಿಲ್ಲ. ತಾನು ಯಾವತ್ತೂ ಹೀಗೆ ಹಾಡಿರಲಿಲ್ಲ ಎಂಬುದು ಕೋಕಿಲಾಳಿಗೆ ತಿಳಿಯಿತು.

ಹಾಡಿದ್ದನ್ನು ಸೇತುರಾಮ ಸ್ಪೀಕರಿನಲ್ಲಿ ಕೇಳಿಸಿದ. ಹುಡುಗಿ ಖುಷಿಯಿಂದ ತಿರುಗಿ, "ಹೇಗಿತ್ತು ಆಂಟಿ? ನೀವೂ ಹಾಡ್ತಿದ್ರಂತೆ, ಮಾವ ಹೇಳಿದ್ರು," ಎಂದಳು.

"ಹಾಡ್ತಿದ್ಲು. ಅಷ್ಟಕ್ಕಷ್ಟೆ," ಎಂದ ಸೇತುರಾಮ, ಹೆಂಡತಿ ಬಾಯಿ ತೆರೆಯುವ ಮೊದಲೇ.

ಕೋಕಿಲಾ ಹಾಲಿನೊಳಕ್ಕೆ ಬಂದಳು. "ಚೆನ್ನಾಗಿತ್ತು ಕಣಮ್ಮ. ಆದ್ರೆ ಮೇಲೆ ಹೋದಾಗ ದನಿ ಮೂಗಲ್ಲಿ ಬರ್ತಿದೆ. ಬೇರೆ ಸೆಟ್ಟಲ್ಲಾಗಿದ್ರೆ ಗೊತ್ತಾಗ್ತಿರಲಿಲ್ಲ."

ಅದು ಶುದ್ಧ ಸುಳ್ಳು. ಗಂಡ ಈಗ ಗದರುತ್ತಾನೆ ಎಂದುಕೊಂಡಳು. ಅವನು ಗದರಲಿಲ್ಲ. ಮತ್ತೆ ಹಾಕಿ ಕಣ್ಣು ಮುಚ್ಚಿದ, ಹುಬ್ಬು ಗಂಟಿಕ್ಕಿದ. "ಹೌದು. ಇದೆ, ಮೂಗು ಇದೆ," ಎಂದ. "ಕೇಳು ಕೀರ್ತನಾ, ಇಲ್ಲಿ. ಈಗ, ಈಗ ನೋಡು." ಹುಡುಗಿ ಕೇಳಿದಳು, ಅವಳಿಗೇನೂ ಕೇಳಿಸಲಿಲ್ಲ. ಅವನು ಹಾಕಿ ಹಾಕಿ ತೋರಿಸಿದ. ಕೊನೆಗೆ ಅವಳಿಗೂ ಕೇಳಿಸಿತು.

"ಇನ್ನೊಂದ್ಸಲ ಹಾಡ್ತೀನಿ ಅಂಕಲ್."

ಈ ಸಲ ಹೆದರಿ ಹಾಡಿದಳು. ದನಿ ನಿಜವಾಗಿಯೂ ಮೂಗಿಗೆ ಏರಿತು. ಹಾಡಿದಷ್ಟೂ ಕೆಟ್ಟಿತು. ಹೊರಗೆ ಚಪ್ಪಲಿ ಮೆಟ್ಟುವಾಗ ಅಳುತ್ತಿದ್ದಳು. ಕೋಕಿಲಾ ಗೇಟಿನವರೆಗೂ ಜೊತೆಗೆ ಹೋದಳು. ಸುಳ್ಳು ಹೇಳಿದೆ ಕಣಮ್ಮ ಅಂದಿದ್ದರೆ ಮುಗಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂತು. "ಹುಷಾರಾಗಿ ಹೋಗು," ಎಂದು ಗೇಟು ಹಾಕಿಕೊಂಡಳು.

ಕೀರ್ತನಾ ಈ ಸಲ ಸ್ಪರ್ಧೆಗೆ ಹೆಸರು ಕೊಡಲಿಲ್ಲ, ಮೂಗಿನ ಡಾಕ್ಟರಿಗೆ ತೋರಿಸುತ್ತಿದ್ದಾಳೆ, ಪಾಠಕ್ಕೂ ಹೋಗುತ್ತಿಲ್ಲ ಎಂದು ರೇವಣಸಿದ್ದಪ್ಪ ಆಮೇಲೆ ಹೇಳಿದ. ಕೋಕಿಲಾ ಆ ಮಧ್ಯಾಹ್ನ ಊಟ ಮಾಡಲಿಲ್ಲ. ರಾತ್ರಿ ಎಂದಿನಂತೆ ಉಂಡಳು.

ಸೇತುರಾಮನಿಗೆ ಮಾತ್ರ ಹೆಂಡತಿಯ ಮೇಲೆ ಹೊಸ ಗೌರವ ಬಂದಿತ್ತು. ಭಾನುವಾರದ ಜನರ ನಡುವೆ ಅವಳಿಗೂ ಒಂದು ಕುರ್ಚಿ ಹಾಕಿಸಿದ. "ಇವಳ ಕಿವಿ ಅಂದ್ರೆ ಕಿವಿ," ಎಂದು ಎಲ್ಲರಿಗೂ ಹೇಳುತ್ತಿದ್ದ. ಕರಟ ಉಜ್ಜಿದ ಆ ದನಿ ಏನು ಹೇಳುತ್ತದೋ ಎಂದು ಈಗ ಎಲ್ಲರೂ ಕಾಯುತ್ತಿದ್ದರು. ಅವಳು ಬಾಯಿಗೆ ಬಂದದ್ದು ಹೇಳುತ್ತಿದ್ದಳು. ಹೇಳಿದ್ದೆಲ್ಲ ಅವರಿಗೆ ಕೇಳಿಸುತ್ತಿತ್ತು.

"ಎಡಗಡೆ ಸ್ಪೀಕರಲ್ಲಿ ಏನೋ ಮಸುಕು ಮಸುಕಾಗಿದೆ ರೀ," ಎಂದಳು ಒಂದು ದಿನ.

"ಹೌದಲ್ವಾ? ನನಗೂ ಬೆಳಗ್ಗೆಯಿಂದ ಹಾಗೇ ಅನ್ನಿಸ್ತಿತ್ತು," ಎಂದು ಸೇತುರಾಮ ಮಂಡಿನೋವಿನಲ್ಲೇ ನೆಲಕ್ಕೆ ಕೂತು, ಟಾರ್ಚು ಹಿಡಿದು ಕೇಬಲ್ಲುಗಳ ಹಿಂದಕ್ಕೆ ತೆವಳಿದ. ಕೋಕಿಲಾ ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಕೂತು ನೋಡುತ್ತಿದ್ದಳು. "ಅದಲ್ಲ, ಇನ್ನೂ ಒಳಗೆ," ಎಂದಳು.